ಗೋದಾವರಿ ಪರುಳೇಕರ್

ಮುಂಬಯಿಯ ಉತ್ತರಕ್ಕೆ, ಸಹ್ಯಾದ್ರಿಗೂ ಕಡಲಿಗೂ ನಡುವೆ ಡಹಾಣೂ, ತಲಾಸರಿ ಮೊದಲಾದ ಊರುಗಳಿವೆ. ಅಂದು ಠಾಣೆ ಜಿಲ್ಲೆಗೆ ಸೇರಿದ್ದ ಇವು 2014ರಿಂದ ಪಾಲ್ಘರ್ ಜಿಲ್ಲೆಯಲ್ಲಿವೆ. ಮಳೆಗಾಲದಲ್ಲಿ ಹಸುರು ಹೊದ್ದು, ಬೇಸಗೆಯಲ್ಲಿ ಎಲೆಯುದುರಿಸಿ ಬರಿದಾಗಿ ನಿಲ್ಲುವ ತೇಗದ ಕಾಡುಗಳ ನಾಡಿದು. ಇಲ್ಲಿನ ವಾರಲಿ ಜನರಲ್ಲಿ ಗಂಡಸರಂತೆಯೇ ಹೆಂಗಸರೂ ದುಡಿಯುತ್ತಿದ್ದರು. ಆದರೆ ಆ ದುಡಿಮೆಯ ಫಲವೆಲ್ಲ ಜಮೀನುದಾರರ ಮತ್ತು ಮರದ ವ್ಯಾಪಾರಿಗಳ ಪಾಲಾಗುತ್ತಿತ್ತು. ಈ ಜನರ ಹೋರಾಟದೊಡನೆ ತಮ್ಮ ಬಾಳನ್ನು ಬೆಸೆದುಕೊಂಡವರು ಗೋದಾವರಿ ಪರುಳೇಕರ್.

ಗೋದಾವರಿಯವರು 1907ರ ಆಗಸ್ಟ್ 14ರಂದು ಪುಣೆಯ ಗೋಖಲೆ ಮನೆತನದಲ್ಲಿ ಜನಿಸಿದರು. ತಂದೆ ವಕೀಲರು, ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಹೆಣ್ಣುಮಕ್ಕಳಿಗೆ ಶಾಲೆಯೇ ದುರ್ಲಭವಾಗಿದ್ದ ಆ ಕಾಲದಲ್ಲಿ ಅವರು ಕಾನೂನು ಪದವಿ ಪಡೆದರು. 1932ರಲ್ಲಿ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಸೇರಿದರು. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ಗೋದಾವರಿಯವರು ಮನೆಯನ್ನು ತೊರೆದರೇ ಹೊರತು ತಮ್ಮ ನಿಲುವನ್ನು ಬಿಡಲಿಲ್ಲ. ಮುಂಬಯಿಗೆ ಹೋಗಿ, ಭಾರತ ಸೇವಕ ಸಮಾಜದ ಸದಸ್ಯತ್ವ ಪಡೆದ ಮೊದಲ ಮಹಿಳೆ ಎನಿಸಿದರು. 1939ರಲ್ಲಿ ಕಾರ್ಮಿಕ ನಾಯಕರಾದ ಶಾಮರಾವ್ ಪರುಳೇಕರರನ್ನು ವಿವಾಹವಾದರು.

1945ರಲ್ಲಿ ಈ ದಂಪತಿಗಳ ಗಮನ ವಾರಲಿಗಳತ್ತ ಹರಿಯಿತು. ಗೋದಾವರಿಯವರು ಹಳ್ಳಿಯಿಂದ ಹಳ್ಳಿಗೆ ನಡೆದರು. ಗುಡಿಸಲುಗಳಲ್ಲಿ ತಂಗಿ, ಅಲ್ಲಿನ ಊಟವನ್ನೇ ಉಂಡು, ಅವರ ಸುಖದುಃಖಗಳನ್ನು ಅರಿತರು. ವಾರಲಿ ಯುವಕನಿಗೆ ಮದುವೆಯ ಖರ್ಚಿಗಾಗಿ ಜಮೀನುದಾರನಲ್ಲಿ ಸಾಲ ಮಾಡದೆ ಗತ್ಯಂತರವಿರಲಿಲ್ಲ. ಎಷ್ಟು ದುಡಿದರೂ ತೀರದ ಆ ಸಾಲಕ್ಕಾಗಿ ಅವನು ಜೀತದಾಳಾಗುತ್ತಿದ್ದ. ಇಂಥವರಿಗೆ 'ಲಗ್ನಗಡಿ' ಎಂಬ ಹೆಸರಿತ್ತು. ಸಾಲ ಪಡೆದವನು ಗಂಡ. ಆದರೆ ಒಂದು ಕಾಸನ್ನೂ ಮುಟ್ಟದ ಹೆಂಡತಿಯೂ ಅವನೊಡನೆ ಜೀತಕ್ಕೆ ಸೇರಬೇಕಾಗಿತ್ತು. ಗಂಡಸಿಗೆ ದುಡಿಮೆಯ ಬಳಲಿಕೆಯಾದರೆ, ಹೆಂಗಸಿಗೆ ಅದರ ಮೇಲೆ ಒಡೆಯನಿಂದ ಮಾನಹಾನಿಯ ಭಯವೂ ಇತ್ತು. ಮದುವೆಯೆಂಬ ಮಂಗಳಕಾರ್ಯವೇ ಆಕೆಯ ಪಾಲಿಗೆ ಸಂಕೋಲೆಯಾಗಿತ್ತು.

1945ರ ಮೇ 23ರಂದು ಝರಿ ಎಂಬ ಹಳ್ಳಿಯಲ್ಲಿ ಸಾವಿರಾರು ವಾರಲಿಗಳು ಸಭೆ ಸೇರಿದರು. ಇನ್ನು ಬಿಟ್ಟಿ ದುಡಿಯುವುದಿಲ್ಲವೆಂದು ಪಣ ತೊಟ್ಟರು. ಲಗ್ನಗಡಿಗಳು ಒಡೆಯರ ಮನೆಗಳಿಂದ ಹೊರಬಂದರು. ಅಕ್ಟೋಬರಿನಲ್ಲಿ ಹುಲ್ಲು ಕೊಯ್ಯುವ ಕೂಲಿಗಾಗಿ ಮುಷ್ಕರ ಹೂಡಿದಾಗ ಪೋಲೀಸರ ಗುಂಡಿಗೆ ಐವರು ಬಲಿಯಾದರು. ಪರುಳೇಕರ್ ದಂಪತಿಗಳನ್ನು ಜಿಲ್ಲೆಯಿಂದ ಗಡೀಪಾರು ಮಾಡಲಾಯಿತು. ಆದರೂ ಜನ ಧೃತಿಗೆಡಲಿಲ್ಲ. 1946ರಲ್ಲಿ ಕಾಡಿನ ಕೆಲಸವನ್ನು ನಿಲ್ಲಿಸಿ, ದಿನಕ್ಕೆ 1 ರೂಪಾಯಿ 4 ಆಣೆಯ ಕನಿಷ್ಠ ಕೂಲಿಯನ್ನು ಪಡೆದರು. ವಾರಲಿಗಳು ಗೋದಾವರಿಯವರನ್ನು ಅಕ್ಕರೆಯಿಂದ ಗೋದಾರಾಣಿ ಎಂದು ಕರೆದರು.

1965ರಲ್ಲಿ ಶಾಮರಾಯರು ಸೆರೆವಾಸದಲ್ಲಿಯೇ ನಿಧನರಾದರು. ಆ ದುಃಖವನ್ನು ನುಂಗಿಕೊಂಡು ಗೋದಾವರಿಯವರು ಕಾರ್ಯವನ್ನು ಮುಂದುವರಿಸಿದರು. ಮನುಷ್ಯನು ಎಚ್ಚರಗೊಳ್ಳುವ ಬಗೆಯನ್ನು ಹೇಳುವ ಅವರ ಮರಾಠಿ ಅನುಭವಕಥನ 'ಜೇವ್ಹಾ ಮಾಣೂಸ್ ಜಾಗಾ ಹೋತೋ' 1970ರಲ್ಲಿ ಪ್ರಕಟವಾಯಿತು. ಅದಕ್ಕೆ 1972ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 1996ರ ಅಕ್ಟೋಬರ್ 8ರಂದು ಅವರು ಇಹಲೋಕವನ್ನು ತ್ಯಜಿಸಿದರು.

ಅವರು ಗತಿಸಿದ ಹತ್ತು ವರ್ಷಗಳ ತರುವಾಯ, 2006ರಲ್ಲಿ, ನಮ್ಮ ದೇಶದಲ್ಲಿ ಅರಣ್ಯ ಹಕ್ಕು ಕಾಯಿದೆ ಅಂಗೀಕಾರಗೊಂಡಿತು. ವಿವಾಹಿತರಿಗೆ ಅದರಡಿ ಕೊಡುವ ಭೂಮಿಯ ಹಕ್ಕುಪತ್ರವು ಪತಿ ಪತ್ನಿಯರಿಬ್ಬರ ಹೆಸರಿನಲ್ಲಿಯೂ ಇರಬೇಕೆಂದು ಆ ಕಾಯಿದೆ ವಿಧಿಸಿತು. ಗಂಡನ ಸಾಲದಲ್ಲಿ ಹೆಸರಿಲ್ಲದೆ ಪಾಲು ಹೊತ್ತಿದ್ದ ಕಾಡಿನ ಹೆಣ್ಣಿಗೆ ಭೂಮಿಯ ಹಕ್ಕಿನಲ್ಲಿ ಹೆಸರಿನೊಡನೆ ಪಾಲು ದೊರೆಯುವುದು ಸಣ್ಣ ಮಾತಲ್ಲ. ಅಂಥ ನ್ಯಾಯಕ್ಕಾಗಿ ಕಾಡಿನ ದಾರಿಗಳಲ್ಲಿ ನಡೆದವರಲ್ಲಿ ಗೋದಾವರಿಯವರು ಮೊದಲಿಗರ ಸಾಲಿಗೆ ಸೇರಿದವರು.