ರಾಬರ್ಟ್ ವೈಟ್

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಮಾವಿನ ಮರಗಳಲ್ಲಿ ಬದನಿಕೆ ಬೆಳೆಯುವುದುಂಟು. ಅದು ಆಶ್ರಯವಿತ್ತ ಮರದ ರಸವನ್ನೇ ಹೀರಿ ಬದುಕುತ್ತದೆ. ಪಶ್ಚಿಮಘಟ್ಟದ ತಂಪು ಕಾಡುಗಳಲ್ಲಿ ಮರಗಳ ಮೇಲೆ ನೆಲಸಿಯೂ ಅವುಗಳ ರಸವನ್ನು ಹೀರದ ಸಸ್ಯಗಳಿವೆ. ಅವೇ ಸೀತಾಳೆಗಳು. ಅವುಗಳಲ್ಲಿ ಓಬೆರೋನಿಯ ಕುಲದವು ಬಹಳ ಚಿಕ್ಕವು. ಬೀಸಣಿಗೆಯಂತೆ ಹರಡಿದ ಚಪ್ಪಟೆ ಎಲೆಗಳ ನಡುವಿನಿಂದ ತೆನೆಯೊಂದು ಹೊರಡುತ್ತದೆ; ಅದರಲ್ಲಿ ಒಂದೆರಡು ಮಿಲಿಮೀಟರ್ ಅಗಲದ ಹೂಗಳು ಒತ್ತಾಗಿ ಅರಳುತ್ತವೆ. ಇಂಗ್ಲೆಂಡಿನ ಜಾನ್ ಲಿಂಡ್ಲಿಯವರು 1830ರಲ್ಲಿ ಈ ಕುಲಕ್ಕೆ ಕಿನ್ನರರಾಜ ಓಬೆರಾನನ ಹೆಸರನ್ನಿಟ್ಟರು. ದಕ್ಷಿಣ ಭಾರತದ ಇಂತಹ ಸಸ್ಯಗಳನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ರಾಬರ್ಟ್ ವೈಟರು ಪ್ರಮುಖರು.

ವೈಟರು 1796ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದರು. ಎಡಿನ್‌ಬರೊದಲ್ಲಿ ವೈದ್ಯಶಾಸ್ತ್ರವನ್ನು ಕಲಿತು, 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾವೈದ್ಯರಾಗಿ ಮದರಾಸು ಪ್ರಾಂತಕ್ಕೆ ಬಂದರು. 1826ರಲ್ಲಿ ಅವರಿಗೆ ಪ್ರಕೃತಿಶಾಸ್ತ್ರಜ್ಞನ ಹುದ್ದೆ ದೊರೆಯಿತು. ಆದರೆ ಎರಡೇ ವರ್ಷಗಳಲ್ಲಿ ಸರ್ಕಾರವು ಆ ಹುದ್ದೆಯನ್ನೇ ರದ್ದುಪಡಿಸಿತು. ಮತ್ತೆ ದಂಡಿನ ವೈದ್ಯರಾದ ಅವರು ಎದೆಗುಂದಲಿಲ್ಲ. ಬಿಡುವಿನ ವೇಳೆಯಲ್ಲಿ ಸಸ್ಯಸಂಗ್ರಹವನ್ನು ಮುಂದುವರಿಸಿದರು. ರಜೆಯ ಮೇಲೆ ತಾಯ್ನಾಡಿಗೆ ತೆರಳಿ, ಮಿತ್ರರಾದ ಆರ್ನಾಟರೊಡನೆ ಭಾರತದ ಪರ್ಯಾಯದ್ವೀಪದ ಸಸ್ಯಗಳನ್ನು ಕುರಿತ ಗ್ರಂಥವನ್ನು 1834ರಲ್ಲಿ ಹೊರತಂದರು. ಅದೇ ವರ್ಷ ಭಾರತಕ್ಕೆ ಮರಳಿ ಬಳ್ಳಾರಿಯ ದಂಡಿನಲ್ಲಿ ನೇಮಕಗೊಂಡರು. ಮುಂದೆ ಕೊಯಮತ್ತೂರಿನಲ್ಲಿ ಅಮೆರಿಕದ ಹತ್ತಿಯನ್ನು ಬೆಳೆಸುವ ಪ್ರಯೋಗಗಳ ಹೊಣೆ ಅವರ ಮೇಲೆ ಬಿದ್ದಿತು. ಆ ಕಾರ್ಯಭಾರದ ನಡುವೆಯೂ ಸಸ್ಯಗಳ ಅಧ್ಯಯನ ನಿಲ್ಲಲಿಲ್ಲ.

ಒಣಗಿಸಿದ ಸೀತಾಳೆಯ ಹೂ ತನ್ನ ಬಣ್ಣವನ್ನೂ ಆಕಾರವನ್ನೂ ಕಳೆದುಕೊಳ್ಳುತ್ತದೆ. ಆದುದರಿಂದ ಚಿತ್ರಗಳು ಅನಿವಾರ್ಯ. ರಂಗಯ್ಯ ಮತ್ತು ಗೋವಿಂದು ಎಂಬ ಭಾರತೀಯ ಚಿತ್ರಕಾರರು ಈ ಕಾರ್ಯದಲ್ಲಿ ವೈಟರಿಗೆ ನೆರವಾದರು. ಕಣ್ಣಿಗೆ ಕಾಣಿಸದಷ್ಟು ಸಣ್ಣ ಹೂವಿನ ಭಾಗಗಳನ್ನೂ ಅವರು ಹಿಗ್ಗಿಸಿ ಬರೆದರು. 1838ರಿಂದ 1853ರವರೆಗೆ ವೈಟರು ಮದರಾಸಿನಲ್ಲಿ ಪ್ರಕಟಿಸಿದ ಆರು ಸಂಪುಟಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕ ಚಿತ್ರಪಟಗಳಿವೆ. ಓಬೆರೋನಿಯ ಬ್ರುನೋನಿಯಾನ ಎಂಬ ಪ್ರಭೇದವನ್ನು ಅವರು ಅವುಗಳಲ್ಲಿಯೇ ವರ್ಣಿಸಿದರು. ಲಿಂಡ್ಲಿಯವರು ಇನ್ನೊಂದು ಪ್ರಭೇದವನ್ನು ಓಬೆರೋನಿಯ ವೈಟಿಯಾನ ಎಂದು ಕರೆದು ವೈಟರನ್ನು ಗೌರವಿಸಿದರು.

ತಮಗೆ ಸಂದ ಗೌರವವನ್ನು ಸಹೋದ್ಯೋಗಿಗಳೊಡನೆ ಹಂಚಿಕೊಳ್ಳುವುದು ವೈಟರ ಸ್ವಭಾವವಾಗಿತ್ತು. ಚಿತ್ರಪಟಗಳ ಮೇಲೆ ಚಿತ್ರಕಾರರ ಹೆಸರನ್ನು ಅಚ್ಚುಮಾಡಿಸಿದರು. ಸೀತಾಳೆಯ ಒಂದು ಕುಲಕ್ಕೆ ಗೋವಿಂದೂಯಿಯ ಎಂಬ ಹೆಸರನ್ನೇ ಕೊಟ್ಟರು. ಅದು ಮೊದಲೇ ಹೆಸರು ಪಡೆದಿದ್ದ ಕುಲವೆಂದು ಮುಂದೆ ತಿಳಿದುದರಿಂದ ಆ ನಾಮ ಬಳಕೆಯಿಂದ ಮರೆಯಾಯಿತು. ಆದರೂ ಆಳುವವರು ಆಳಲ್ಪಡುವವರ ದುಡಿಮೆಯನ್ನು ಮರೆಯುತ್ತಿದ್ದ ಕಾಲದಲ್ಲಿ ವೈಟರು ತೋರಿದ ಈ ಕೃತಜ್ಞತೆ ಮರೆಯಾಗಲಿಲ್ಲ.

1853ರಲ್ಲಿ ವೈಟರು ಭಾರತದಿಂದ ನಿರ್ಗಮಿಸಿದರು. 1872ರಲ್ಲಿ ಇಂಗ್ಲೆಂಡಿನಲ್ಲಿ ನಿಧನರಾದರು. ಘಟ್ಟದ ಕಾಡಿನಲ್ಲಿ ಸಿಕ್ಕ ಪುಟ್ಟ ಸೀತಾಳೆಯನ್ನು ಗುರುತಿಸಲು ಸಸ್ಯಶಾಸ್ತ್ರಜ್ಞರು ಇಂದಿಗೂ ಆ ಚಿತ್ರಪಟಗಳನ್ನು ತೆರೆದು ನೋಡುತ್ತಾರೆ.