ನೆರಳಿನಿಂದ ಒಡಲ ಚಿತ್ರ ಕಟ್ಟಿದ ಜಿ. ಎನ್. ರಾಮಚಂದ್ರನ್

ತಲೆಗೆ ಪೆಟ್ಟು ಬಿದ್ದವರನ್ನು ಆಸ್ಪತ್ರೆಗೆ ಒಯ್ದರೆ ವೈದ್ಯರು ಮೊದಲು ಸಿಟಿ ಸ್ಕ್ಯಾನ್ ಬರೆದುಕೊಡುತ್ತಾರೆ. ಬೆಟಗೇರಿ-ಗದಗದ ಎಷ್ಟೋ ಮನೆಯವರು ಆ ಕೋಣೆಯ ಹೊರಗೆ ಜೀವ ಕೈಯಲ್ಲಿ ಹಿಡಿದು ಕುಳಿತವರೇ. ಆ ಚಿತ್ರದ ಹಿಂದಿನ ಲೆಕ್ಕಕ್ಕೆ ದೊಡ್ಡ ಕಾಣಿಕೆ ಕೊಟ್ಟವರಲ್ಲೊಬ್ಬರು, ನಮ್ಮ ಬೆಂಗಳೂರಿನಲ್ಲಿ ಕಲಿತು ಕಲಿಸಿದ ಜಿ. ಎನ್. ರಾಮಚಂದ್ರನ್.

ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಕೇರಳದ ಎರ್ನಾಕುಲಂನಲ್ಲಿ. ತಂದೆ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರು. ಮಗನಿಗೆ ಲೆಕ್ಕದ ರುಚಿ ಮನೆಯಲ್ಲೇ ಹತ್ತಿತು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ಓದಲೆಂದು. ಆದರೆ ಹುಡುಗನ ಬುದ್ಧಿ ಕಂಡ ಸರ್ ಸಿ. ವಿ. ರಾಮನ್ ಅವರನ್ನು ಭೌತಶಾಸ್ತ್ರಕ್ಕೆ ಕರೆದುಕೊಂಡರು. ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮುಗಿಸಿ ತಾಯ್ನಾಡಿಗೆ ಮರಳಿದರು.

1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ನಮ್ಮ ಚರ್ಮ, ಎಲುಬು, ಸ್ನಾಯುರಜ್ಜುಗಳಿಗೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನು ಮೂರು ಎಳೆಗಳ ಹುರಿಯಂತೆ ಹೆಣೆದುಕೊಂಡಿದೆ ಎಂದು 1954ರಲ್ಲಿ ಗೋಪಿನಾಥ್ ಕರ್ತಾ ಅವರೊಡನೆ ತೋರಿಸಿದರು. ಮಗ್ಗದ ಊರಿನವರಾದ ನಮಗೆ ಹುರಿಯ ಬಲ ಹೇಳಿಕೊಡಬೇಕಾಗಿಲ್ಲ. 1963ರಲ್ಲಿ ಬಂದ ರಾಮಚಂದ್ರನ್ ನಕ್ಷೆಯನ್ನು ಇಂದಿಗೂ ಜಗತ್ತಿನ ಜೀವರಸಾಯನ ವಿದ್ಯಾರ್ಥಿಗಳು ಓದುತ್ತಾರೆ.

1971ರಲ್ಲಿ ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಆರಂಭಿಸಿದರು. ಸ್ಕ್ಯಾನಿಗೆ ಸಂಬಂಧಿಸಿದ ಅವರ ಪ್ರಬಂಧ ಪ್ರಕಟವಾದದ್ದೂ ಅದೇ ವರ್ಷ, ಎ. ವಿ. ಲಕ್ಷ್ಮೀನಾರಾಯಣನ್ ಅವರ ಜೊತೆಯಲ್ಲಿ.

ಸಾಮಾನ್ಯ ಎಕ್ಸ್-ರೇ ಒಂದು ನೆರಳು. ಅದರಲ್ಲಿ ಎಲುಬು, ಮಾಂಸ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಚೌಕದೊಳಗಿನ ಅಂಕಿಗಳನ್ನು ಮುಚ್ಚಿಟ್ಟು, ಉದ್ದ, ಅಡ್ಡ, ಓರೆ ಸಾಲುಗಳ ಮೊತ್ತ ಮಾತ್ರ ಹೇಳಿ ಅಂಕಿಗಳನ್ನು ಹುಡುಕಿಸುವ ಆಟ ನಮ್ಮ ಮಕ್ಕಳಿಗೆ ಗೊತ್ತು. ಸಿಟಿ ಸ್ಕ್ಯಾನ್ ಮಾಡುವುದೂ ಇದನ್ನೇ: ಹಲವು ದಿಕ್ಕಿನ ನೆರಳುಗಳಿಂದ ಒಳಗಿನ ಪ್ರತಿ ಚುಕ್ಕೆಯ ಅಂಕಿ ತೆಗೆಯುವುದು. ಆಗಿನ ಕಂಪ್ಯೂಟರುಗಳಿಗೆ ಫೂರಿಯೇ ವಿಧಾನದ ಲೆಕ್ಕ ಭಾರವಾಗಿತ್ತು. ಪ್ರತಿ ನೆರಳಿನ ಅಂಕಿಗಳನ್ನು ಅಕ್ಕಪಕ್ಕದ ಅಂಕಿಗಳೊಡನೆ ತೂಗಿ ತಿದ್ದಿ, ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿದರೆ ಚಿತ್ರ ಬೇಗ, ಸ್ಪಷ್ಟವಾಗಿ ಮೂಡುತ್ತದೆ ಎಂದು ಇವರಿಬ್ಬರೂ ತೋರಿಸಿದರು. ಮುಂದೆ ದಶಕಗಳ ಕಾಲ ಸ್ಕ್ಯಾನ್ ಯಂತ್ರಗಳು ಇದೇ ಬಗೆಯ ಲೆಕ್ಕದಿಂದ ನಡೆದವು.

ಹೀಗೆ ಸಿಕ್ಕ ಅಂಕಿಯೇ ಅಂಗಾಂಶದ ಗುರುತು. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಸುಮಾರು ಮೈನಸ್ 100, ಗಟ್ಟಿ ಎಲುಬಿಗೆ ಹಲವು ನೂರು. ಹೊಸದಾಗಿ ಹೆಪ್ಪುಗಟ್ಟಿದ ರಕ್ತದ ಅಂಕಿ ಮಿದುಳಿನದಕ್ಕಿಂತ ಹೆಚ್ಚು. ಆದ್ದರಿಂದ ಅದು ಬೆಳ್ಳಗೆ ಕಾಣುತ್ತದೆ, ವೈದ್ಯರು ಕೂಡಲೇ ಗುರುತಿಸುತ್ತಾರೆ.

1979ರಲ್ಲಿ ಸಿಟಿ ಸ್ಕ್ಯಾನಿಗಾಗಿ ನೊಬೆಲ್ ಬಹುಮಾನ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಅವರಿಗೆ ಸಂದಿತು. ಸಿದ್ಧಾಂತವನ್ನೂ ಯಂತ್ರವನ್ನೂ ಕಟ್ಟಿದ ಅವರು ಅರ್ಹರೇ. ರಾಮಚಂದ್ರನ್ ಅವರಿಗೆ ನೊಬೆಲ್ ಒಲಿಯಲಿಲ್ಲ. 1977ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಎವಾಲ್ಡ್ ಪ್ರಶಸ್ತಿ ಬಂದವು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಕಾಡಿತು. 1998ರಲ್ಲಿ ಪತ್ನಿಯ ಅಗಲಿಕೆ ಅವರನ್ನು ಇನ್ನಷ್ಟು ಕುಗ್ಗಿಸಿತು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ತೀರಿಕೊಂಡರು.

ಚಿತ್ರ ತಿದ್ದುವ ಆ ಲೆಕ್ಕಕ್ಕೆ ಗುರು ಮತ್ತು ಜೊತೆಗಾರನ ಹೆಸರು ಸೇರಿಸಿ ರಾಮ್-ಲಾಕ್ ಎಂದೇ ಎಂಜಿನಿಯರುಗಳು ಇಂದಿಗೂ ಕರೆಯುತ್ತಾರೆ. ಗಣಿತದ ತಾಸಿನಲ್ಲಿ ಇದರಿಂದೇನು ಉಪಯೋಗ ಎಂದು ಕೇಳುವ ನಮ್ಮ ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಬೇಕಿಲ್ಲ.