ಗುಂಡಿನ ಸದ್ದಡಗಿದ ಮೇಲೆ: ಜಿಮ್ ಕಾರ್ಬೆಟ್ ಎಂಬ ಬೇಟೆಗಾರನ ಅಂತರಂಗ

1926ರ ಮೇ ತಿಂಗಳ ಆರಂಭ. ಗಢವಾಲದ ರುದ್ರಪ್ರಯಾಗದಲ್ಲಿ ಅಂದು ಹಬ್ಬದ ವಾತಾವರಣ. ಎಂಟು ವರ್ಷಗಳ ಕಾಲ ಹೊತ್ತು ಮುಳುಗುವ ಮುನ್ನವೇ ಬಾಗಿಲಿಗೆ ಅಗುಳಿ ಹಾಕಿ, ಜೀವ ಕೈಯಲ್ಲಿ ಹಿಡಿದು ಕುಳಿತಿರುತ್ತಿದ್ದ ಜನ ಹೂವು ಹಿಡಿದು ಬೀದಿಗೆ ಬಂದಿದ್ದರು. ಕೇದಾರ-ಬದರಿಯ ಯಾತ್ರಾಮಾರ್ಗದಲ್ಲಿ ಸರ್ಕಾರಿ ದಾಖಲೆಯ ಪ್ರಕಾರವೇ 125 ಮಂದಿಯನ್ನು ಬಲಿ ತೆಗೆದುಕೊಂಡಿದ್ದ ನರಭಕ್ಷಕ ಚಿರತೆ ಗೋಲಾಬ್ರಾಯ್ ಬಳಿ ಹತವಾಗಿತ್ತು. ಜನ ತಾವು ತಂದ ಹೂಗಳನ್ನು ಅದನ್ನು ಕೊಂದ ಬೇಟೆಗಾರನ ಪಾದಗಳ ಮೇಲೆ ಸುರಿದರು.

ಆದರೆ ಆ ಬೇಟೆಗಾರನಿಗೆ ಬೆಳಗಿನ ಬೆಳಕಿನಲ್ಲಿ ಕಂಡದ್ದು ಜನ ಕಲ್ಪಿಸಿಕೊಂಡಿದ್ದ ಪಿಶಾಚಿಯಲ್ಲ. ಮೂತಿ ನರೆತ, ಮೀಸೆ ಉದುರಿದ ಒಂದು ಮುದಿ ಚಿರತೆ. ಅದು ಮುರಿದದ್ದು ಮನುಷ್ಯನ ಕಾನೂನನ್ನೇ ಹೊರತು ಪ್ರಕೃತಿಯ ಕಾನೂನನ್ನಲ್ಲ ಎಂಬ ಭಾವ ಅವರಲ್ಲಿ ಮೂಡಿತು. ತಿಂಗಳುಗಟ್ಟಲೆ ನಿದ್ದೆಗೆಟ್ಟು ಬೆನ್ನಟ್ಟಿದ ಪ್ರಾಣಿ ಸತ್ತುಬಿದ್ದಾಗ ನೆಮ್ಮದಿಯ ಜೊತೆಗೇ ಮರುಕವೂ ಅವರನ್ನು ಆವರಿಸಿತು. ಆ ಬೇಟೆಗಾರ ಜಿಮ್ ಕಾರ್ಬೆಟ್. ಕೊಂದ ಮೇಲೆ ಮನಸ್ಸಿನಲ್ಲಿ ಏಳುವ ಈ ದ್ವಂದ್ವವನ್ನು ಅವರಷ್ಟು ಪ್ರಾಮಾಣಿಕವಾಗಿ ಬರೆದಿಟ್ಟ ಶಿಕಾರಿಗಳು ವಿರಳ.

ಬೆಟ್ಟದೂರಿನ ಬಾಲಕ

ಎಡ್ವರ್ಡ್ ಜೇಮ್ಸ್ ಕಾರ್ಬೆಟ್ ಜನಿಸಿದ್ದು 1875ರ ಜುಲೈ 25ರಂದು, ನೈನಿತಾಲ್‌ನಲ್ಲಿ. ತಂದೆ ಅಲ್ಲಿನ ಪೋಸ್ಟ್ ಮಾಸ್ಟರ್. ಜಿಮ್‌ಗೆ ಆರು ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ದೊಡ್ಡ ಕುಟುಂಬದ ಭಾರ ತಾಯಿ ಮೇರಿ ಜೇನ್ ಅವರ ಹೆಗಲೇರಿತು. ಬೇಸಿಗೆಯಲ್ಲಿ ನೈನಿತಾಲ್, ಚಳಿಗಾಲದಲ್ಲಿ ತಪ್ಪಲಿನ ಕಾಲಾಢೂಂಗಿ. ಈ ಎರಡು ಊರುಗಳ ನಡುವಿನ ಕಾಡೇ ಬಾಲಕನ ನಿಜವಾದ ಪಾಠಶಾಲೆಯಾಯಿತು. ಒಂದು ನಳಿಗೆ ಹಾಳಾಗಿ, ತಂತಿ ಸುತ್ತಿ ಬಿಗಿದಿದ್ದ ಹಳೆಯ ಜೋಡುನಳಿಗೆಯ ಕೋವಿಯೇ ಮೊದಲ ಆಯುಧ. ಹಕ್ಕಿಯ ಕೂಗು, ಜಿಂಕೆಯ ಎಚ್ಚರಿಕೆಯ ಕರೆ, ಮಣ್ಣಿನ ಮೇಲಿನ ಹೆಜ್ಜೆಗುರುತು ಇವೆಲ್ಲ ಅವರಿಗೆ ಅಕ್ಷರಗಳಂತೆ ಪರಿಚಿತವಾದವು. ಇನ್ನೂ ಬಾಲಕನಾಗಿರುವಾಗಲೇ ಮೊದಲ ಚಿರತೆಯನ್ನು ಹೊಡೆದುರುಳಿಸಿದರು.

ಹರೆಯದಲ್ಲೇ ಬೆಂಗಾಲ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದ ಅವರು ಮುಂದೆ ಬಿಹಾರದ ಮೊಕಾಮೆಹ್ ಘಾಟ್‌ನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಗಂಗೆಯ ದಡದಲ್ಲಿ ಸರಕು ಸಾಗಣೆಯ ಗುತ್ತಿಗೆ ನಡೆಸಿದರು. ಮೊದಲ ಮಹಾಯುದ್ಧದಲ್ಲಿ 500 ಮಂದಿ ಕುಮಾವ್ ಕಾರ್ಮಿಕರ ತುಕಡಿಯೊಂದಿಗೆ ಫ್ರಾನ್ಸ್‌ಗೂ ಹೋಗಿಬಂದರು. ನರಭಕ್ಷಕಗಳ ಬೇಟೆ ಅವರ ವೃತ್ತಿಯಾಗಿರಲಿಲ್ಲ, ಕರೆ ಬಂದಾಗ ಹೋಗುತ್ತಿದ್ದರು ಅಷ್ಟೆ.

ಚಂಪಾವತದ ಹುಲಿ

ಅಂಥ ಮೊದಲ ಕರೆ ಬಂದದ್ದು 1907ರಲ್ಲಿ. ನೇಪಾಳದಿಂದ ಅಟ್ಟಿಸಿಕೊಂಡು ಕುಮಾವ್‌ಗೆ ಬಂದಿದ್ದ ಚಂಪಾವತದ ಹೆಣ್ಣುಹುಲಿ ಎರಡೂ ಕಡೆ ಸೇರಿ 436 ಮಂದಿಯನ್ನು ಕೊಂದಿತ್ತೆಂದು ಲೆಕ್ಕ. ಕಾರ್ಬೆಟ್ ಎರಡು ಷರತ್ತು ವಿಧಿಸಿದರು. ಹುಲಿಯ ತಲೆಗೆ ಘೋಷಿಸಿದ್ದ ಬಹುಮಾನ ರದ್ದಾಗಬೇಕು, ಉಳಿದ ಬೇಟೆಗಾರರು ಕಾಡಿನಿಂದ ಹಿಂದೆ ಸರಿಯಬೇಕು. ಹಣಕ್ಕಾಗಿ ಕೊಲ್ಲುವವನೆಂಬ ಹೆಸರು ಅವರಿಗೆ ಬೇಕಿರಲಿಲ್ಲ.

ಸುಮಾರು 300 ಮಂದಿ ಗ್ರಾಮಸ್ಥರು ಬೆಟ್ಟದ ಮೇಲಿನಿಂದ ಸದ್ದು ಮಾಡಿ ಹುಲಿಯನ್ನು ಎಬ್ಬಿಸಿದರು. ತಮ್ಮ ತೋಟಾಗಳು ಮುಗಿದಾಗ ತಹಸೀಲ್ದಾರರ ಕೋವಿ ಪಡೆದು ಕಾರ್ಬೆಟ್ ಕೊನೆಯ ಗುಂಡು ಹಾರಿಸಿದರು. ಅಕ್ಕನನ್ನು ಹುಲಿ ಹೊತ್ತೊಯ್ದುದನ್ನು ಕಣ್ಣಾರೆ ಕಂಡು ಮಾತು ಕಳೆದುಕೊಂಡಿದ್ದ ಹೆಂಗಸೊಬ್ಬಳಿಗೆ ಅವರು ಹುಲಿಯ ಚರ್ಮ ತೋರಿಸಿದಾಗ ಮಾತು ಮರಳಿತು. ಬೇಟೆಯ ಸಾರ್ಥಕತೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಸತ್ತ ಹುಲಿಯ ಬಾಯಿ ಬಿಡಿಸಿ ನೋಡಿದಾಗ ಬೇರೊಂದು ಸತ್ಯ ಬಯಲಾಯಿತು. ಬಲಭಾಗದ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಅದು ಹಿಂದೆಂದೋ ತಗುಲಿದ ಗುಂಡಿನ ಫಲ. ಸಹಜ ಬೇಟೆಯನ್ನು ಹಿಡಿಯಲಾರದೆ ಹುಲಿ ಮನುಷ್ಯನತ್ತ ತಿರುಗಿತ್ತು. ಅದನ್ನು ನರಭಕ್ಷಕವಾಗಿಸಿದ್ದೂ ಕೋವಿ, ಮುಗಿಸಿದ್ದೂ ಕೋವಿ. ಇದೇ ಪಾಠ ಮತ್ತೆ ಮತ್ತೆ ಎದುರಾಯಿತು. 1931ರಲ್ಲಿ ಕೊಂದ ಮೋಹನ್ ಗ್ರಾಮದ ನರಭಕ್ಷಕನ ಮುಂಗಾಲಿನಲ್ಲಿ ಹುದುಗಿದ್ದವು 25ಕ್ಕೂ ಹೆಚ್ಚು ಮುಳ್ಳುಹಂದಿಯ ಮುಳ್ಳುಗಳು. ರುದ್ರಪ್ರಯಾಗದ ಚಿರತೆಗೆ ನರಮಾಂಸದ ರುಚಿ ಹತ್ತಿದ್ದು 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಸುಡಲಾಗದೆ ಕಣಿವೆಗೆ ಎಸೆದ ಶವಗಳಿಂದ ಎಂಬುದು ಅವರ ಅಭಿಪ್ರಾಯವಾಗಿತ್ತು.

ನಿದ್ರಿಸುತ್ತಿದ್ದ ಹುಲಿ

ಮೋಹನ್‌ನ ಹುಲಿ ಕಾರ್ಬೆಟ್ ಅವರನ್ನು ಬಹುಕಾಲ ಕಾಡಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅವರು ಕೆಲವೇ ಅಡಿಗಳ ಹತ್ತಿರ ತಲುಪಿದಾಗ ಅದು ನಿದ್ರಿಸುತ್ತಿತ್ತು. ಎಬ್ಬಿಸದೆಯೇ ಗುಂಡಿಟ್ಟರು. ತಪ್ಪಿದ್ದರೆ ಇನ್ನಷ್ಟು ಮನೆಗಳ ದೀಪ ಆರುತ್ತಿತ್ತು, ಎಬ್ಬಿಸಿದ್ದರೆ ತಮ್ಮ ಪ್ರಾಣವೇ ಹೋಗಬಹುದಿತ್ತು. ಈ ವಾದಗಳೆಲ್ಲ ಸರಿ ಎಂದು ಅವರಿಗೆ ಗೊತ್ತಿತ್ತು. ಆದರೂ ಎದುರಾಳಿಗೆ ಒಂದು ಅವಕಾಶ ಕೊಡಲಿಲ್ಲವೆಂಬ ವಿಷಾದವನ್ನು ಅವರು ಪುಸ್ತಕದಲ್ಲಿ ಮುಚ್ಚಿಡಲಿಲ್ಲ.

ಪೀಪಲ್ ಪಾನಿ ಹುಲಿಯ ಪ್ರಸಂಗ ಇನ್ನೂ ಕಠಿಣ. ಅದು ಮರಿಯಾಗಿದ್ದಾಗಿನಿಂದಲೂ ಕಾರ್ಬೆಟ್ ಅದರ ಹೆಜ್ಜೆಗುರುತು ಬಲ್ಲವರು. ಮನುಷ್ಯರಿಗೆ ಎಂದೂ ಕೇಡು ಮಾಡದ ಆ ಹುಲಿ ಮತ್ತೊಬ್ಬರ ಈಡಿನಿಂದ ಗಾಯಗೊಂಡಿತು. ಎಲ್ಲಿ ನರಭಕ್ಷಕವಾದೀತೋ ಎಂದು ಹೆದರಿ ಕಾರ್ಬೆಟ್ ತಾವೇ ಅದನ್ನು ಕೊಂದರು. ಹತ್ತಿರ ಹೋಗಿ ನೋಡಿದರೆ ಗಾಯ ಮಾಗಿಹೋಗಿತ್ತು. ಕೊಲ್ಲಬೇಕಾದ ಅಗತ್ಯವೇ ಇರಲಿಲ್ಲ. ಹಳೆಯ ಗೆಳೆಯನನ್ನು ಕಳೆದುಕೊಂಡ ದುಃಖವದು.

1930ರಲ್ಲಿ ಚೌಗಢದ ಹೆಣ್ಣುಹುಲಿ ಹತವಾದಾಗಿನ ಸಂಗತಿ ಈ ಮನುಷ್ಯನ ಸ್ವಭಾವಕ್ಕೆ ಕನ್ನಡಿ. ದಾರಿಯಲ್ಲಿ ಸಿಕ್ಕ ನತ್ತಿಂಗ ಹಕ್ಕಿಯ ಎರಡು ಮೊಟ್ಟೆಗಳನ್ನು ಕುತೂಹಲದಿಂದ ಎಡಗೈಯಲ್ಲಿ ಹಿಡಿದು ನಡೆಯುತ್ತಿದ್ದರು. ಬಂಡೆಯ ಮರೆಯಲ್ಲಿ ಹುಲಿ ಎದುರಾಯಿತು. ಮೊಟ್ಟೆ ಬಿಡದೆ, ಒಂದೇ ಕೈಯಲ್ಲಿ ರೈಫಲ್ ಮೆಲ್ಲನೆ ತಿರುಗಿಸಿ ಗುಂಡು ಹಾರಿಸಿದರು. ನಂತರ ಅವರು ಮಾಡಿದ ಕೆಲಸವೆಂದರೆ ಮೊಟ್ಟೆಗಳನ್ನು ಇದ್ದಲ್ಲೇ ಇಟ್ಟು ಬಂದದ್ದು. ತಾಯಿಹಕ್ಕಿ ಮರಳಿ ಬಂದು ಕಾವಿಗೆ ಕುಳಿತದ್ದನ್ನು ಕಂಡ ಮೇಲೆಯೇ ಅವರಿಗೆ ಸಮಾಧಾನ.

ರೈಫಲ್‌ನಿಂದ ಕ್ಯಾಮೆರಾಗೆ

ಹಾಗೆಂದು ಕಾರ್ಬೆಟ್ ಅವರನ್ನು ಸಂತನಂತೆ ಚಿತ್ರಿಸುವುದು ಸರಿಯಾಗದು. ಪೊವಲ್‌ಗಢದ ಪ್ರಸಿದ್ಧ ಗಂಡುಹುಲಿ ನರಭಕ್ಷಕವಾಗಿರಲಿಲ್ಲ. 1920ರ ದಶಕದಲ್ಲಿ ಸಂಯುಕ್ತ ಪ್ರಾಂತ್ಯದ ಶಿಕಾರಿಗಳೆಲ್ಲ ಆಸೆಪಟ್ಟಿದ್ದ ಟ್ರೋಫಿ ಅದು. 1930ರ ಚಳಿಗಾಲದಲ್ಲಿ ಅದನ್ನು ಉರುಳಿಸಿದವರು ಕಾರ್ಬೆಟ್ ಅವರೇ. ವೈಸರಾಯ್ ಲಿನ್ಲಿತ್‌ಗೋ ಅವರ ಬೇಟೆಗಳಿಗೂ ನೆರವಾದರು. ಕಾಡಿನ ಮೇಲಿನ ಪ್ರೀತಿ ಮತ್ತು ಬೇಟೆಯ ಸೆಳೆತ ಒಂದೇ ಎದೆಯಲ್ಲಿ ಬಹುಕಾಲ ಜೊತೆಯಾಗಿ ಬಾಳಿದವು.

ಆದರೆ ತೂಕ ನಿಧಾನವಾಗಿ ಒಂದು ಕಡೆಗೆ ವಾಲಿತು. ಅರಣ್ಯಾಧಿಕಾರಿ ಫ್ರೆಡರಿಕ್ ಚಾಂಪಿಯನ್ ಅವರ ವನ್ಯಜೀವಿ ಛಾಯಾಚಿತ್ರಗಳಿಂದ ಪ್ರಭಾವಿತರಾಗಿ ಕಾರ್ಬೆಟ್ ಸಿನಿ ಕ್ಯಾಮೆರಾ ಕೈಗೆತ್ತಿಕೊಂಡರು. ಕಾಡಿನ ತೊರೆಯ ಬದಿಯಲ್ಲಿ ತಾಳ್ಮೆಯಿಂದ ಕಾದು ಏಳು ಹುಲಿಗಳನ್ನು ಚಿತ್ರೀಕರಿಸಿದರು. ಗೋಡೆಯ ಮೇಲಿನ ಟ್ರೋಫಿ ಒಬ್ಬನ ಸಂತೋಷಕ್ಕೆ ಮಾತ್ರ, ಒಳ್ಳೆಯ ಚಿತ್ರ ಎಲ್ಲರಿಗೂ ಸಲ್ಲುವಂಥದ್ದು ಎಂಬುದು ಅವರ ನಿಲುವಾಯಿತು. 1936ರಲ್ಲಿ ರಾಮಗಂಗಾ ಕಣಿವೆಯಲ್ಲಿ ಭಾರತದ ಮೊದಲ ರಾಷ್ಟ್ರೀಯ ಉದ್ಯಾನವಾಗಿ ಹೇಲಿ ನ್ಯಾಷನಲ್ ಪಾರ್ಕ್ ಸ್ಥಾಪನೆಯಾದಾಗ ಅದರ ಹಿಂದೆ ಕಾರ್ಬೆಟ್ ಅವರ ಒತ್ತಾಸೆಯೂ ಇತ್ತು. 1938ರ ನವೆಂಬರ್‌ನಲ್ಲಿ, 63ರ ಇಳಿವಯಸ್ಸಿನಲ್ಲಿ, ಠಾಕ್ ಗ್ರಾಮದ ನರಭಕ್ಷಕ ಹುಲಿಯನ್ನು ಕೊಂದರು. ಅವರು ಬರೆದಿಟ್ಟ ನರಭಕ್ಷಕ ಬೇಟೆಗಳಲ್ಲಿ ಅದೇ ಕೊನೆಯದು.

1944ರಲ್ಲಿ ಪ್ರಕಟವಾದ 'ಮ್ಯಾನ್ ಈಟರ್ಸ್ ಆಫ್ ಕುಮಾವ್' ಅವರನ್ನು ಜಗದ್ವಿಖ್ಯಾತರನ್ನಾಗಿಸಿತು. ಜನಾಭಿಪ್ರಾಯ ಬೆಂಬಲಕ್ಕೆ ನಿಲ್ಲದಿದ್ದರೆ ಹುಲಿ ನಿರ್ನಾಮವಾದೀತೆಂಬ ಎಚ್ಚರಿಕೆ ಆ ಪುಸ್ತಕದಲ್ಲೇ ಇದೆ. ಸ್ವಾತಂತ್ರ್ಯದ ವರ್ಷವಾದ 1947ರಲ್ಲಿ ಅಕ್ಕ ಮ್ಯಾಗಿಯೊಂದಿಗೆ ಕೀನ್ಯಾದ ನ್ಯೇರಿಗೆ ತೆರಳಿದ ಅವರು, 1955ರ ಏಪ್ರಿಲ್ 19ರಂದು ಅಲ್ಲಿಯೇ ಕೊನೆಯುಸಿರೆಳೆದರು. ಅವಿವಾಹಿತರಾಗಿಯೇ ಉಳಿದಿದ್ದ ಅವರಿಗೆ ಕೊನೆಯವರೆಗೂ ಜೊತೆಯಾಗಿದ್ದವರು ಮ್ಯಾಗಿ.

ಅವರ ಮರಣಾನಂತರ ರಾಮಗಂಗಾ ಕಣಿವೆಯ ಉದ್ಯಾನಕ್ಕೆ ಅವರದೇ ಹೆಸರಿಡಲಾಯಿತು. ಇಂಡೋಚೀನಾದ ಹುಲಿಯ ಉಪಜಾತಿಗೆ 1968ರಲ್ಲಿ ಕಾರ್ಬೆಟಿ ಎಂಬ ವೈಜ್ಞಾನಿಕ ನಾಮಕರಣವಾಯಿತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭಗೊಂಡದ್ದೂ ಕಾರ್ಬೆಟ್ ಉದ್ಯಾನದಲ್ಲೇ. ಮೊದಲ ಒಂಬತ್ತು ಹುಲಿಧಾಮಗಳ ಪಟ್ಟಿಯಲ್ಲಿ ನಮ್ಮ ಬಂಡೀಪುರವೂ ಇತ್ತು. ಕನ್ನಡಿಗರಿಗಂತೂ ಪೂರ್ಣಚಂದ್ರ ತೇಜಸ್ವಿಯವರು ರುದ್ರಪ್ರಯಾಗದ ನರಭಕ್ಷಕನ ಕಥೆಯನ್ನು ಕನ್ನಡಕ್ಕೆ ತಂದ ಮೇಲೆ ಕಾರ್ಬೆಟ್ ಮನೆಮಾತಾದರು.

ಆ ಪುಸ್ತಕಗಳನ್ನು ರೋಚಕತೆಗಾಗಿ ಓದುವವರೇ ಹೆಚ್ಚು. ಆದರೆ ಪ್ರತಿ ಬೇಟೆಯ ಕೊನೆಯಲ್ಲಿ ಅವರು ಸತ್ತ ಪ್ರಾಣಿಯ ಹಲ್ಲು, ಉಗುರು, ಹಳೆಯ ಗಾಯಗಳನ್ನು ಪರೀಕ್ಷಿಸಿ ಬರೆದ ಸಾಲುಗಳನ್ನೂ ಗಮನಿಸಬೇಕು. ಕೊಲ್ಲಲೇಬೇಕಾಗಿದ್ದ ಪ್ರಾಣಿಯೂ ಯಾಕೆ ಹಾಗಾಯಿತೆಂದು ತಿಳಿಯುವ ಋಣ ಕೊಂದವನ ಮೇಲಿರುತ್ತದೆ ಎಂಬುದನ್ನು ಕಾರ್ಬೆಟ್ ಮರೆಯಲಿಲ್ಲ. ಹುಲಿ, ಚಿರತೆಗಳು ಊರಿನ ಅಂಚಿಗೆ ಬಂದಾಗಲೆಲ್ಲ ಗುಂಡಿಕ್ಕುವಂತೆ ಒತ್ತಾಯಿಸುವ ನಮಗೂ ಆ ಸಾಲುಗಳಲ್ಲಿ ಕಲಿಯಬೇಕಾದ್ದು ಸಾಕಷ್ಟಿದೆ.